ಚಕ್ರ ತಟ್ಟಿ ನೋಡುತ್ತಿದ್ದವನು

ಹನ್ನೊಂದು ವರ್ಷ ನಾನೂ ಗಂಟೆಯಣ್ಣನೂ ಒಂದೇ ಮಂಚದಲ್ಲಿ ಮಲಗಿದೆವು. ಒಂದು ದಿನವೂ ಜೊತೆಗೆ ಮಲಗಲಿಲ್ಲ. ಅವನದು ಹಗಲು ಪಾಳಿ, ನನ್ನದು ರಾತ್ರಿ ಪಾಳಿ. ಅವನು ಬೆಳಿಗ್ಗೆ ಏಳಕ್ಕೆ ಕಾರ್ಖಾನೆಯ ಗೇಟು ದಾಟಿದರೆ ಸಂಜೆ ಏಳಕ್ಕೆ ಹೊರಗೆ. ನಾನು ರಾತ್ರಿ ಎಂಟಕ್ಕೆ ಒಳಗೆ, ಬೆಳಿಗ್ಗೆ ಆರಕ್ಕೆ ಹೊರಗೆ. ನಾನು ಬಂದು ಮೈ ಚೆಲ್ಲುವ ಹೊತ್ತಿಗೆ ಹಾಸಿಗೆಯಲ್ಲಿ ಅವನ ಮೈಬಿಸಿ ಇನ್ನೂ ಉಳಿದಿರುತ್ತಿತ್ತು. ಚಳಿಯ ದಿನಗಳಲ್ಲಿ ಅದೊಂದು ಉಪಕಾರ, ಸೆಕೆಯಲ್ಲಿ ಶಿಕ್ಷೆ. ದಿಂಬಿನ ಮೇಲೆ ಅವನ ತಲೆ ಒತ್ತಿದ್ದ ಗುಳಿಯೊಳಗೇ ನನ್ನ ತಲೆ ಹೋಗಿ ಕೂರುತ್ತಿತ್ತು. ಹೆಂಡತಿ ಮಕ್ಕಳ ಮೈಯ ವಾಸನೆಗಿಂತ ಅವನ ಮೈಯ ಕಬ್ಬಿಣದ ವಾಸನೆ ನನಗೆ ಹೆಚ್ಚು ಪರಿಚಯ.

ಕೋಣೆಯಲ್ಲಿ ನಾಲ್ಕು ಮಂಚ, ಎಂಟು ಜನ. ಎಲ್ಲರೂ ರೈಲಿನಲ್ಲಿ ಬಂದವರೇ. ಗೋಡೆಗೆ ಎಂಟು ಮೊಳೆ, ಎಂಟು ಚೀಲ. ಒಂದು ಕಿಟಕಿ, ಅದರ ಎದುರಿಗೆ ಪಕ್ಕದ ಮನೆಯ ಗೋಡೆ. ನಾವಿಬ್ಬರು ಮುಖ ನೋಡಿ ಮಾತಾಡುತ್ತಿದ್ದದ್ದು ಸಂಜೆ ಏಳೂಕಾಲರಿಂದ ಏಳೂಮುಕ್ಕಾಲರ ತನಕ, ಹೊರಗಿನ ಮೆಟ್ಟಿಲ ಮೇಲೆ, ಚಹಾ ಕುಡಿಯುತ್ತ. ಅರ್ಧ ಗಂಟೆ. ಹನ್ನೊಂದು ವರ್ಷದ ಅರ್ಧರ್ಧ ಗಂಟೆಗಳನ್ನು ಸೇರಿಸಿದರೆ ಒಂದು ಸ್ನೇಹಕ್ಕೆ ಬೇಕಾದಷ್ಟಾಗುತ್ತದೆ.

ನಾನು ಶಾಲೆಯ ಕಟ್ಟೆ ಹತ್ತಿದವನಲ್ಲ. ಪ್ಯಾಕಿಂಗ್ ವಿಭಾಗದಲ್ಲಿ ಮರದ ಪೆಟ್ಟಿಗೆಗಳ ಮೇಲೆ ಊರಿನ ಹೆಸರು ಬರೆಯುವವನ ಹಿಂದೆ ನಿಂತು, ಬಣ್ಣದ ಡಬ್ಬ ಹಿಡಿದು, ಒಂದೊಂದೇ ಅಕ್ಷರ ಕದ್ದು ಕಲಿತವನು. ಈಗ ಆ ಪೆಟ್ಟಿಗೆಗಳ ಮೇಲೆ ಬರೆಯುವವನು ನಾನೇ. ನನ್ನ ಅಕ್ಷರ ದುಂಡಗೆ, ಮುತ್ತು ಪೋಣಿಸಿದ ಹಾಗೆ ಇರುತ್ತದೆ. ಇದನ್ನು ನಾನಾಗಿ ಹೇಳಿಕೊಳ್ಳುತ್ತಿಲ್ಲ, ಹತ್ತು ಜನ ಹೇಳಿದ್ದಾರೆ. ಅದಕ್ಕೇ ಕೋಣೆಯವರು ನನ್ನನ್ನು ಮೇಷ್ಟ್ರು ಅಂತ ಕರೆಯುತ್ತಿದ್ದರು. ಅರ್ಧ ಗೌರವ, ಅರ್ಧ ಗೇಲಿ.

ಗಂಟೆಯಣ್ಣನಿಗೆ ಆ ಹೆಸರು ಬಂದದ್ದು ಅವನ ಕೆಲಸದಿಂದ. ನಮ್ಮದು ನೀರಿನ ಪಂಪು ಮಾಡುವ ಕಾರ್ಖಾನೆ. ಎರಕದಿಂದ ಬಂದ ಪಂಪಿನ ಚಿಪ್ಪು ಒರಟೊರಟಾಗಿ, ಅಂಚಿಗೆಲ್ಲ ಹಲ್ಲು ಬಂದ ಹಾಗಿರುತ್ತದೆ. ಅದನ್ನು ತಿರುಗುವ ಸಾಣೆ ಚಕ್ರಕ್ಕೆ ಹಿಡಿದು ನುಣುಪು ಮಾಡಬೇಕು. ಆ ಚಕ್ರ ಕಬ್ಬಿಣದ್ದಲ್ಲ. ಹರಳು ಹರಳಾದ ಪುಡಿಯನ್ನು ಅಂಟಿಸಿ ಸುಟ್ಟು ಮಾಡಿದ್ದು, ಮಣ್ಣಿನ ಮಡಕೆಯ ದೊಡ್ಡಪ್ಪನ ಮಗ ಅನ್ನಬಹುದು. ಕಣ್ಣಿಗೆ ಕಾಣದ ಒಂದು ಕೂದಲೆಳೆಯ ಬಿರುಕಿದ್ದರೂ, ವೇಗ ಹಿಡಿದಾಗ ಒಡೆದು ಚೂರಾಗಿ ಎದುರಿಗಿದ್ದವನ ಮುಖಕ್ಕೇ ಬರುತ್ತದೆ. ಅದಕ್ಕಾಗಿ ಹೊಸ ಚಕ್ರವನ್ನು ಯಂತ್ರಕ್ಕೆ ಏರಿಸುವ ಮೊದಲು ನಡುವಿನ ತೂತಿಗೆ ಬೆರಳು ತೂರಿಸಿ ತೂಗುಹಾಕಿ, ಮರದ ಹಿಡಿಯಿಂದ ಮೆಲ್ಲಗೆ ತಟ್ಟಬೇಕು. ಗಟ್ಟಿ ಚಕ್ರ ಗಂಟೆಯ ಹಾಗೆ ಟಿಣ್ ಅನ್ನುತ್ತದೆ. ಬಿರುಕು ಬಿಟ್ಟದ್ದು ಹಳೇ ಡಬ್ಬದ ಹಾಗೆ ದಬ್ ಅನ್ನುತ್ತದೆ.

"ಒಳ್ಳೇದು ಹಾಡುತ್ತೆ, ಕೆಟ್ಟದ್ದು ಕೆಮ್ಮುತ್ತೆ. ಕೆಮ್ಮೋದನ್ನ ಪಕ್ಕಕ್ಕಿಡು. ಅಷ್ಟೇ ವಿದ್ಯೆ," ಅಂತ ಹೊಸಬರಿಗೆ ಹೇಳುತ್ತಿದ್ದ.

ಅಷ್ಟೇ ವಿದ್ಯೆಯಾದರೂ ಅದು ಎಲ್ಲರಿಗೂ ಒಲಿಯಲಿಲ್ಲ. ಹತ್ತೊಂಬತ್ತು ವರ್ಷ ಅವನು ತಟ್ಟಿ ಕೊಟ್ಟ ಚಕ್ರ ಒಂದೂ ಒಡೆಯಲಿಲ್ಲ. ಬೇರೆ ವಿಭಾಗಗಳಲ್ಲಿ ಕಣ್ಣು ಹೋದವರಿದ್ದರು, ದವಡೆ ಮುರಿದವರಿದ್ದರು. ಅವನ ಸಾಲಿನಲ್ಲಿ ನಿಂತವರು ಮಾತ್ರ ಬಂದ ಮುಖದಲ್ಲೇ ಊರಿಗೆ ವಾಪಸು ಹೋದರು.

ಅವನ ಕಿವಿ ಹೋದದ್ದು ನನಗೆ ತಿಳಿದದ್ದು ಹೀಗೆ. ಒಂದು ದಿನ ಕರೆಂಟು ಕೈಕೊಟ್ಟು ನಮ್ಮನ್ನು ಐದೂವರೆಗೇ ಬಿಟ್ಟರು. ಕೋಣೆಗೆ ಬಂದೆ. ಗಂಟೆಯಣ್ಣ ಇನ್ನೂ ಮಲಗಿದ್ದ. ಮೊಬೈಲನ್ನು ಟವೆಲಿನಿಂದ ತೋಳಿಗೆ ಬಿಗಿಯಾಗಿ ಕಟ್ಟಿಕೊಂಡಿದ್ದ. ಇದೇನು ವೇಷ ಅಂದುಕೊಳ್ಳುತ್ತಿರುವಾಗಲೇ ನನ್ನ ಕೈಯಿಂದ ತಟ್ಟೆ ಜಾರಿ ನೆಲಕ್ಕೆ ಬಿತ್ತು. ಬಿದ್ದದ್ದು ಸಾಲದೆಂದು ಸುತ್ತು ಹೊಡೆಯುತ್ತ ಬಡಕೊಂಡಿತು. ಉಳಿದ ಮಂಚಗಳಿಂದ ಬೈಗುಳ ಬಂತು. ಒಬ್ಬ ಚಪ್ಪಲಿಯನ್ನೇ ಎಸೆದ. ಗಂಟೆಯಣ್ಣನ ರೆಪ್ಪೆ ಕೂಡ ಅಲುಗಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ತೋಳಿನ ಮೇಲಿನ ಮೊಬೈಲು ಸದ್ದಿಲ್ಲದೆ ಗಡಗಡ ನಡುಗಿತು. ತಟ್ಟನೆ ಎದ್ದು ಕೂತ. ಎದುರಿಗೆ ನಾನು.

ಪದ ಬಿಡಿಸಿ ಬಿಡಿಸಿ ಕೇಳಿದೆ: "ಎಷ್ಟು ದಿನ ಆಯ್ತು?"

ನನ್ನ ತುಟಿಯನ್ನೇ ನೋಡುತ್ತಿದ್ದ. "ಎರಡು ವರ್ಷ. ಪೂರ್ತಿ ಹೋಗಿಲ್ಲ ಮೇಷ್ಟ್ರೇ. ಗುಡುಗು ಕೇಳುತ್ತೆ. ಲಾರಿ ಹಾರ್ನು ಕೇಳುತ್ತೆ. ಮನುಷ್ಯರು ಮಾತ್ರ ಕೇಳಲ್ಲ."

ಅವನ ಸಾಲಿಗೂ ಕುಲುಮೆ ವಿಭಾಗಕ್ಕೂ ನಡುವೆ ಇದ್ದದ್ದು ಒಂದು ತಗಡಿನ ಗೋಡೆ. ಗೋಡೆಯಾಚೆ ಮನೆಯಷ್ಟೆತ್ತರದ ಸುತ್ತಿಗೆ ಯಂತ್ರಗಳು ದಿನವಿಡೀ ಕಾದ ಕಬ್ಬಿಣವನ್ನು ಬಡಿಯುತ್ತಿದ್ದವು. ಕಿವಿಗೆ ಹತ್ತಿಯಿಟ್ಟುಕೊಂಡರೆ ಚಕ್ರದ ಸದ್ದು ಕೇಳಿಸದು. ಅದಕ್ಕೇ ಇಡಲಿಲ್ಲ. ಚಕ್ರಕ್ಕಾಗಿ ತೆರೆದಿಟ್ಟ ಕಿವಿಯನ್ನು ಸುತ್ತಿಗೆ ತಿಂದುಹಾಕಿತು.

"ಹಾಗಾದ್ರೆ ಚಕ್ರ ಹೆಂಗೆ ನೋಡ್ತೀಯೋ ಮಾರಾಯಾ? ಜನ ಸತ್ತಾರು!"

ಅವನು ಎದ್ದು ಪಾತ್ರೆಯ ಮುಚ್ಚಳವನ್ನು ದಾರದಲ್ಲಿ ಕಟ್ಟಿ ನನ್ನ ಬೆರಳಿಗೆ ತೂಗುಹಾಕಿ, ಚಮಚದ ಹಿಂಬದಿಯಿಂದ ತಟ್ಟಿದ. "ಕಿವಿ ಮುಚ್ಕೊಂಡಿದ್ದೀನಿ ಅಂದ್ಕೊಳ್ಳಿ. ಬೆರಳಲ್ಲಿ ಏನಾಯ್ತು?"

ಬೆರಳಿನಲ್ಲಿ ಇರುವೆ ಹರಿದಂತೆ ನಡುಕ ಹತ್ತಿ ಬಂತು.

"ಚಕ್ರ ಗಟ್ಟಿ ಇದ್ರೆ ನಡುಕ ಮೊಣಕೈವರೆಗೂ ಬರುತ್ತೆ. ಬಿರುಕಿದ್ರೆ ಗೆಣ್ಣಲ್ಲೇ ಸಾಯುತ್ತೆ. ಕಿವಿಗಿಂತ ಬೆರಳು ನಿಯತ್ತಿನದು, ಮೇಷ್ಟ್ರೇ. ಯಾರಿಗೂ ಹೇಳ್ಬೇಡಿ. ಕೆಲಸ ಹೋದ್ರೆ ನಾನು ಏನೂ ಅಲ್ಲ."

ನಾನು ಹೇಳಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡದ್ದಷ್ಟೇ ಅಲ್ಲ, ಅವನ ಗುಟ್ಟಿಗೆ ಕಾವಲುಗಾರನೂ ಆದೆ.

ಹೇಗೆಂದರೆ, ಅವನ ಹೆಂಡತಿಯ ಫೋನು. ಅವಳು ಊರಲ್ಲಿದ್ದಳು. ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಂಡು, ಒಬ್ಬಳೇ ಮಗಳನ್ನು ದೊಡ್ಡವಳನ್ನಾಗಿ ಮಾಡಿ ಮದುವೆಯನ್ನೂ ಮುಗಿಸಿದ್ದಳು. ಸಂಜೆ ಏಳೂವರೆಗೆ ಅವಳ ಫೋನು. ಅದುವರೆಗೆ ಅವಳಿಗೆ ಎಡೆ ಕೊಡದೆ ತಾನೇ ಮಾತಾಡಿ ಇಟ್ಟುಬಿಡುತ್ತಿದ್ದನಂತೆ; ಈಗ ಫೋನನ್ನು ಎಲ್ಲರಿಗೂ ಕೇಳುವ ಹಾಗೆ ಜೋರು ಮಾಡಿ ಮೆಟ್ಟಿಲ ಮೇಲಿಡುತ್ತಿದ್ದ. ನಾನು ಎದುರಿಗೆ ಕೂತು, ಅವಳು ಆಡಿದ್ದನ್ನು ಸದ್ದಿಲ್ಲದೆ ತುಟಿಯಲ್ಲಿ ಆಡಿ ತೋರಿಸುತ್ತಿದ್ದೆ. ಅವನು ನನ್ನ ತುಟಿ ಓದಿ, ಕೂಗಿ ಉತ್ತರ ಹೇಳುತ್ತಿದ್ದ. ಮಾತಿಗೂ ಮಾತಿಗೂ ನಡುವೆ ಒಂದು ಉಸಿರಿನಷ್ಟು ತಡ.

"ಮುಂಚೆ ಬಾಯಿ ಮುಚ್ಚಿಸೋಕೇ ಆಗ್ತಿರ್ಲಿಲ್ಲ, ಈಗ ನೋಡಿ, ಯೋಚನೆ ಮಾಡಿ ಮಾಡಿ ಮಾತಾಡ್ತೀರಿ," ಅಂತ ಅವಳು ನಗುತ್ತಿದ್ದಳು. "ದೊಡ್ಡ ಮನುಷ್ಯ ಆಗ್ಬಿಟ್ರಿ ಬಿಡಿ. ಅಲ್ಲಾ, ಅಷ್ಟ್ಯಾಕೆ ಕೂಗ್ತೀರಿ? ನಾನೇನು ಕಿವುಡಿಯಾ?"

ಇದನ್ನೂ ನಾನು ತುಟಿಯಲ್ಲಿ ಆಡಿ ತೋರಿಸಬೇಕಿತ್ತು. ತೋರಿಸಲಿಲ್ಲ. "ಊಟ ಆಯ್ತಾ ಅಂತ ಕೇಳ್ತಾಳೆ" ಅಂತ ತುಟಿ ಆಡಿಸಿದೆ. ಅವಳು ಗಂಡನಿಗೆಂದೇ ಆಡಿದ ಮೆತ್ತನೆಯ ಮಾತುಗಳೂ ಇರುತ್ತಿದ್ದವು. ಪರಗಂಡಸಿನ ತುಟಿಯ ಮೇಲೆ ತರುವಂಥವಲ್ಲ. ಅವನ್ನೂ "ಊಟ ಆಯ್ತಾ" ಮಾಡಿ ದಾಟಿಸುತ್ತಿದ್ದೆ. ಆ ಮೂರು ವರ್ಷದಲ್ಲಿ ಅವನ ಹೆಂಡತಿ ಅದೆಷ್ಟು ಸಲ ಊಟ ವಿಚಾರಿಸಿದಳೋ, ಲೆಕ್ಕವಿಲ್ಲ.

ಕಿವಿ ಹೋದ ಮೇಲೆ ಅವನು ಊರಿಗೆ ಹೋದದ್ದು ಒಂದೇ ಸಲ, ತಾಯಿ ತೀರಿಕೊಂಡಾಗ. ಐದು ದಿನ ಮೂಲೆಯಲ್ಲಿ ಕೂತಿದ್ದು ಬಂದ. ದುಃಖದಲ್ಲಿರುವವನಿಂದ ಯಾರು ಉತ್ತರ ಕೇಳುತ್ತಾರೆ? ಹೆಂಡತಿಯೂ ಕೇಳಲಿಲ್ಲ. ತಿಂಗಳ ಮೇಲೆ ಫೋನಿನಲ್ಲಿ ಅಂದಳು: "ಇನ್ನು ಇಲ್ಲಿ ನನಗೆ ಯಾರಿದಾರೆ? ಕರ್ಕೊಳ್ಳಿ. ಅರಮನೆ ಬೇಡ. ಒಂದು ಬಾಗಿಲಿರಲಿ, ಒಳಗಿಂದ ಚಿಲಕ ಹಾಕ್ಕೊಳ್ಳೋ ಹಾಗೆ. ಸಾಕು."

ಇದನ್ನು ನಾನು ಒಂದಕ್ಷರ ಬಿಡದೆ ತಲುಪಿಸಿದೆ. ಅವನು ಚಹಾ ಲೋಟವನ್ನೇ ನೋಡುತ್ತ ಕೂತ. ಎಂಟು ಮೊಳೆಯ ಆ ಕೋಣೆಗೆ ಹೆಂಡತಿಯನ್ನು ಹೇಗೆ ಕರೆತರುತ್ತಾನೆ?

ಅದೇ ವರ್ಷ ಕಾರ್ಖಾನೆಯವರು ತರಬೇತಿ ಕೇಂದ್ರ ತೆರೆದರು. ಇನ್ನು ಮುಂದೆ ರೈಲಿಳಿದವರನ್ನು ನೇರವಾಗಿ ಯಂತ್ರದ ಮುಂದೆ ನಿಲ್ಲಿಸುವುದಿಲ್ಲ, ಮೂರು ತಿಂಗಳು ಕಲಿಸಿ, ಪರೀಕ್ಷೆ ಮಾಡಿ, ಪ್ರಮಾಣಪತ್ರ ಕೊಟ್ಟು ಕಳಿಸುತ್ತೇವೆ ಅಂದರು. ಒಳ್ಳೆಯ ಕೆಲಸವೇ. ಸುಣ್ಣ ಬಳಿದ ಗೋಡೆ, ಬಣ್ಣದ ಪಟಗಳು, ಎಲ್ಲರಿಗೂ ನೀಲಿ ಅಂಗಿ, ತಲೆಗೆ ಗಟ್ಟಿ ಟೋಪಿ. ಸಾಣೆ ಕೆಲಸ ಕಲಿಸುವವರು ಯಾರು ಅಂದಾಗ ತರಬೇತಿ ಸಾಹೇಬರಿಗೆ ಎಲ್ಲರೂ ಒಂದೇ ಹೆಸರು ಹೇಳಿದರು. ಸಾಹೇಬರು ಕೆಟ್ಟವರಲ್ಲ, ನಗುಮುಖದ, ಪಟಪಟ ಮಾತಿನ ಮನುಷ್ಯ. ಹಾಗೆ ಬೇಗ ಮಾತಾಡುವವರ ತುಟಿ ಓದುವುದೇ ಗಂಟೆಯಣ್ಣನಿಗೆ ಕಷ್ಟ. ಎಲ್ಲದಕ್ಕೂ "ಆಯ್ತು ಸಾರ್" ಅಂದುಬಿಟ್ಟ. ಅವರು ಹೇಳಿದ್ದೇನೆಂದು ಆಮೇಲೆ ಬೇರೆಯವರಿಂದ ತಿಳಿದದ್ದು ಇಷ್ಟು: ಮೊದಲ ಒಂದು ತಿಂಗಳು ಪ್ರಯೋಗವಾಗಿ ಕಲಿಸಬೇಕು, ಆಮೇಲೆ ಎಲ್ಲರ ಎದುರಿಗೆ ಕೆಲಸ ಮಾಡಿ ತೋರಿಸಬೇಕು. ಅದರಲ್ಲಿ ಗೆದ್ದರೆ ಬೋಧಕನ ಹುದ್ದೆ. ಹುದ್ದೆಯ ಜೊತೆಗೆ ಕೇಂದ್ರದ ಹಿಂದಿನ ಸಾಲಿನಲ್ಲಿ ಒಂದು ಸ್ವಂತ ಕೋಣೆ.

"ಬಾಗಿಲಿದೆ ಮೇಷ್ಟ್ರೇ! ಚಿಲಕಾನೂ ಇದೆ, ಒಳಗಿಂದ!" ಅಂತ ಆ ಸಂಜೆ ಬೀದಿಗೆಲ್ಲ ಕೇಳುವ ಹಾಗೆ ಹೇಳಿದ.

"ಅವಳು ಬಂದ್ಮೇಲೆ ಕಿವಿ ವಿಷಯ?"

"ನಾನೇ ಹೇಳ್ತೀನಿ. ಎದುರಿಗಿದ್ರೆ ತುಟಿ ನೋಡ್ಬಹುದಲ್ಲ. ಅವಳ ತುಟಿ ನೋಡಿದ್ರೆ ಯಾರು ಬೇಡ ಅಂತಾರೆ?" ಅಂದು ಮುದುಕನಾಗುತ್ತಿದ್ದವನು ಮದುಮಗನ ಹಾಗೆ ನಾಚಿಕೊಂಡ.

ಮರುದಿನವೇ ಆ ಕೋಣೆಯ ಕಿಟಕಿಗೆ ಪರದೆ ಹೊಲಿಯುತ್ತೇನೆ, ಅಳತೆ ಹೇಳಿ ಅಂದಳು ಅವಳು. ಅವನು ಗಾಜಿನ ಹೊರಗಿನಿಂದಲೇ ಕೈಯಲ್ಲಿ ಅಳೆದು ಬಂದು ಕೂಗಿದ: "ಉದ್ದ ಆರು ಗೇಣು, ಅಗಲ ನಾಲ್ಕು ಗೇಣು!"

ಅವನ ಹತ್ತಿರ ಕಲಿಯಲು ಬಂದವರು ಹದಿನಾಲ್ಕು ಜನ. ಒಬ್ಬೊಬ್ಬರದು ಒಂದೊಂದು ಸೀಮೆ, ಒಂದೊಂದು ಮಾತು. ಅವನಿಗೆ ಅದು ಅನುಕೂಲವೇ ಆಯಿತು. ಮಾತು ಬಾರದವರ ನಡುವೆ ಕಿವಿ ಬಾರದವನು ಸಿಕ್ಕಿಬೀಳುವುದಿಲ್ಲ. ಭುಜ ತಟ್ಟಿ, ಮೊಣಕೈ ತಿದ್ದಿ, ನಕ್ಕು, ಹುಬ್ಬು ಗಂಟಿಕ್ಕಿ ಕಲಿಸಿದ. ಅವರಲ್ಲೊಬ್ಬಳು ಹೆಂಗಸು. ಹತ್ತು ವರ್ಷ ಎರಕದ ಮರಳು ಹೊತ್ತವಳು. ಕೊಟ್ಟ ಟೋಪಿ ಅವಳ ತಲೆಗೆ ದೊಡ್ಡದಾಗಿ ಮೂಗಿನವರೆಗೂ ಇಳಿಯುತ್ತಿತ್ತು. ಟೋಪಿಯಕ್ಕ ಅಂತಲೇ ಹೆಸರಾಯಿತು. ತಟ್ಟಿ ನೋಡುವ ವಿದ್ಯೆ ಎಲ್ಲರಿಗಿಂತ ಬೇಗ ಬಂದದ್ದು ಅವಳಿಗೆ.

ತೋರಿಸಿಕೊಡುವ ದಿನ ಗುರುವಾರ. ನನ್ನನ್ನೂ ಬೆಳಿಗ್ಗೆ ನಿಲ್ಲಿಸಿಕೊಂಡರು. ತರಬೇತಿ ಮುಗಿದಾಗ ಕೊಡುವ ಪ್ರಮಾಣಪತ್ರಗಳ ಮೇಲೆ ಈಗಲೇ ಹೆಸರು ಬರೆದಿಡುವುದಕ್ಕೆ ನನ್ನ ಅಕ್ಷರ ಬೇಕಿತ್ತು. ಸಾಹೇಬರು ಮೇಜಿನ ಮೇಲೆ ಆರು ಚಕ್ರ ಸಾಲಾಗಿ ಇಡಿಸಿ, "ನಂಬರ್ ಹಾಕಪ್ಪ" ಅಂತ ಸೀಮೆಸುಣ್ಣ ಕೊಟ್ಟರು. ಒಂದು, ಎರಡು, ಮೂರು ಅಂತ ಬರೆಯುತ್ತ ಬಂದೆ. ನಾಲ್ಕು ಬರೆಯುವಾಗ ಸಾಹೇಬರು ಕಿವಿಯಲ್ಲಿ ಪಿಸುಗುಟ್ಟಿದರು: "ಇದೊಂದು ಬಿರುಕಿಂದು. ಬೇಕಂತಲೇ ಇಟ್ಟಿದ್ದೀನಿ. ಹೇಳ್ಬೇಡ."

ನನಗೆ ಭಯವೇನೂ ಆಗಲಿಲ್ಲ. ಅವನ ಬೆರಳಿನ ಮೇಲೆ ನನಗೆ ಅಷ್ಟು ನಂಬಿಕೆ. ಭಯವಾದದ್ದು, ಅವನು ಮೇಜಿನ ಹತ್ತಿರ ಬಂದಾಗ ಸಾಹೇಬರು ಎರಡು ದಪ್ಪ ಚರ್ಮದ ಕೈಗವಸು ಮುಂದೆ ಹಿಡಿದಾಗ. ಗೋಡೆಯ ಪಟದಲ್ಲಿ ಬರೆದಿತ್ತು: ಚಕ್ರ ಮುಟ್ಟುವ ಮುನ್ನ ಕೈಗವಸು ಕಡ್ಡಾಯ. ತಿಂಗಳಿಡೀ ಅದನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಈಗ ಮೇಲಿನವರು ನಾಲ್ಕು ಜನ ಕುರ್ಚಿ ಹಾಕಿಕೊಂಡು ಕೂತಿದ್ದರು.

ಗಂಟೆಯಣ್ಣ ಕೈಗವಸನ್ನು ನೋಡಿದ. ಪಟವನ್ನು ನೋಡಿದ. ತನ್ನ ಹದಿನಾಲ್ಕು ಜನರನ್ನು ನೋಡಿದ. ನನ್ನ ಕಡೆ ಮಾತ್ರ ನೋಡಲಿಲ್ಲ. ನೋಡಿದ್ದರೆ ನಾಲ್ಕು ಬೆರಳು ಎತ್ತುತ್ತಿದ್ದೆನೋ ಏನೋ. ಅವನು ಕೈಗವಸು ತೊಟ್ಟ.

ಒಂದನ್ನು ತಟ್ಟಿದ. ಟಿಣ್. ತಲೆಯಾಡಿಸಿ ಬಲಕ್ಕಿಟ್ಟ. ಎರಡು, ಮೂರು, ಹಾಗೇ. ನಾಲ್ಕನೆಯದನ್ನು ತೂಗುಹಾಕಿ ತಟ್ಟಿದ. ದಬ್. ಅವನು ಇನ್ನೊಮ್ಮೆ ತಟ್ಟಿದ. ಹಣೆಯಲ್ಲಿ ಬೆವರಿತ್ತು. ಚರ್ಮದೊಳಗಿನ ಬೆರಳಿಗೆ ಏನು ತಿಳಿದೀತು? ಕೊನೆಗೆ "ಒಳ್ಳೇದು" ಅಂದು ಬಲಕ್ಕಿಟ್ಟ.

ಆಗ ಟೋಪಿಯಕ್ಕ ಟೋಪಿಯನ್ನು ಹಿಂದಕ್ಕೆ ತಳ್ಳಿ, ತನಗೆ ಬರುವ ಅರೆಬರೆ ಮಾತಿನಲ್ಲಿ ಅಂದಳು: "ಅಣ್ಣ, ಅದು ಹಾಡಿಲ್ಲ. ಕೆಮ್ತು."

ಅವನು ಐದನೆಯದನ್ನು ಎತ್ತಿಕೊಳ್ಳುತ್ತಿದ್ದ. ಅವಳ ಕಡೆ ಬೆನ್ನು. ತಿರುಗಲಿಲ್ಲ.

ಸಾಹೇಬರು ಚಪ್ಪಾಳೆ ತಟ್ಟಿ ಎದ್ದೇಬಿಟ್ಟರು. "ಭಲೇ! ನೋಡಿದ್ರಾ ಸಾರ್? ಬೇಕಂತಲೇ ತಪ್ಪು ಹೇಳಿದ, ಮಕ್ಕಳು ಕಲಿತಿದಾರೋ ಇಲ್ವೋ ಅಂತ! ಆಕೆ ಹಿಡಿದ್ಲು! ಇದು ಕಲಿಸೋದು ಅಂದ್ರೆ!" ಕುರ್ಚಿಯ ಮೇಲಿನವರೂ ತಟ್ಟಿದರು. ಹದಿನಾಲ್ಕು ಜನವೂ ತಟ್ಟಿದರು. ಗಂಟೆಯಣ್ಣ ಆರನೆಯದನ್ನು ಮುಗಿಸಿ ತಿರುಗಿದಾಗ ಎದುರಿಗೆಲ್ಲ ಕೈಗಳು. ಅವನ ಮುಖ ಅರಳಿತು. ಸಾಹೇಬರು ಕೈ ಕುಲುಕಿ ಕೋಣೆಯ ಬೀಗದಕೈ ಕೊಟ್ಟರು.

ಆ ಸಂಜೆ ಮೆಟ್ಟಿಲ ಮೇಲೆ ಬೀಗದಕೈಯನ್ನು ಬೆರಳಲ್ಲಿ ತಿರುಗಿಸುತ್ತ ಕೇಳಿದ: "ಕೈಗವಸು ಕೊಟ್ಟಾಗ ಜೀವ ಬಾಯಿಗೆ ಬಂತು ಮೇಷ್ಟ್ರೇ. ಆದ್ರೂ ಆರಕ್ಕೆ ಆರೂ ಸರಿ ಹೇಳಿದೆ, ಅಲ್ವಾ?"

ಅವನಿಗೆ ಗೊತ್ತೇ ಇರಲಿಲ್ಲ.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಫೋನು ನಡುಗಿತು. ಅವಳು. "ಶನಿವಾರ ರೈಲು ಹತ್ತಲಾ? ಪರದೆ ಆಯ್ತು. ಎರಡು ಪಾತ್ರೆ ಸಾಕಾ, ಮೂರು ತರಲಾ? ಭಾವ ಇದಾರಾ ಅಲ್ಲಿ? ಅವರಿಗೂ ನಮ್ಮನೇಲೇ ಊಟ ಅಂತ ಹೇಳಿ." ಭಾವ ಅಂದರೆ ನಾನು. ಅವಳ ದನಿಯಲ್ಲಿ ಹುಡುಗಿಯೊಬ್ಬಳು ಕುಣಿಯುತ್ತಿದ್ದಳು. ನಾನು ಅದನ್ನೆಲ್ಲ ತುಟಿಯಲ್ಲಿ ಆಡಿ ತೋರಿಸಿದೆ. "ಮೂರು ತಾ!" ಅಂತ ಅವನು ಕೂಗಿದ. ನಾನು ಹೇಳಬೇಕಾದದ್ದು ಗಂಟಲಲ್ಲೇ ಉಳಿಯಿತು. ಶುಕ್ರವಾರವೂ ಉಳಿಯಿತು. ಶನಿವಾರ, ಭಾನುವಾರ ಅವನು ಹೊಸ ಕೋಣೆಗೆ ಸುಣ್ಣ ಬಳಿಯುತ್ತಿದ್ದ. ನಾನು ಬಕೆಟ್ ಹಿಡಿದಿದ್ದೆ. ಹೇಳಿದರೆ ಆ ಬೀಗದಕೈ ಹೋಗುತ್ತದೆ. ಹೇಳದಿದ್ದರೆ ಯಾರದೋ ಮುಖ ಹೋಗುತ್ತದೆ. ಸೋಮವಾರ ಬೆಳಿಗ್ಗೆಯಿಂದ ಹೊಸ ಚಕ್ರಗಳ ಪೆಟ್ಟಿಗೆ ಒಡೆದು, ಅವನು ತಟ್ಟಿ ಸರಿ ಅಂದದ್ದನ್ನು ಯಂತ್ರಕ್ಕೆ ಏರಿಸಿ, ಹದಿನಾಲ್ಕು ಜನ ಸುತ್ತ ನಿಂತು ಕಲಿಯುವ ಪಾಠ. ಕೈಗವಸು ಹಾಕಿಯೇ.

ಸೋಮವಾರ ಪಾಳಿ ಬಿಟ್ಟವನು ಓಡಿಕೊಂಡೇ ಬಂದೆ. ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಮುಂದೆ ನಿಂತು, ಬಾಯಿ ದೊಡ್ಡದಾಗಿ ತೆರೆದು, ನಡೆದದ್ದನ್ನು ನಡೆದ ಹಾಗೇ ಹೇಳಿದೆ.

ಮಂಚದ ಮೇಲೆ ಕೂತ. "ನಾಲ್ಕನೇದಾ?"

"ನಾಲ್ಕನೇದು."

"ಒಳ್ಳೇದು ಅಂತ ನನ್ನ ಬಾಯಿಂದಲೇ ಬಂತಾ?"

ತಲೆಯಾಡಿಸಿದೆ.

"ಆ ಅಕ್ಕ ಹೇಳಿದ್ಲಾ? ಕೆಮ್ತು ಅಂತ?" ಉಳಿದಿದ್ದ ಒಂದು ಗುಂಡಿ ಹಾಕಿಕೊಂಡ. "ಚೆನ್ನಾಗಿ ಕಲಿತಿದಾಳೆ," ಅಂದ. ಆಮೇಲೆ ನನ್ನ ಮುಖ ನೋಡಿ ಕೇಳಿದ: "ಗುರುವಾರವೇ ಯಾಕೆ ಹೇಳ್ಲಿಲ್ಲ ಮೇಷ್ಟ್ರೇ? ಅವಳಿಗೆ ಬರಬೇಡ ಅಂತಿದ್ದೆ."

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಕೈಗವಸು ಇಲ್ದೆ ನೋಡ್ತೀನಿ ಅಂತ ಕೇಳು," ಅಂದೆ.

"ಹದಿನಾಲ್ಕು ಮುಖ ಮೇಷ್ಟ್ರೇ. ಮೊನ್ನೆ ಬೆರಳು ಹೇಳದೇ ಇದ್ರೂ ನಾನು ಒಳ್ಳೇದು ಅಂದೆ. ಕೋಣೆ ಆಸೆಗೆ ಅಂದೆ. ಅಂಥವನು ಇನ್ನೊಂದ್ಸಲ ಅನ್ನಲ್ಲ ಅಂತ ಯಾರು ಹೇಳ್ಬೇಕು?"

ನೇರ ಸಾಹೇಬರ ಕೋಣೆಗೆ ಹೋದ. ಹಿಂದೆಯೇ ನಾನೂ ಹೋದೆ. ನಿಂತಲ್ಲೇ ಹೇಳಿದ: "ಸಾರ್, ನನ್ನ ಕಿವಿ ಸತ್ತು ಐದು ವರ್ಷ ಆಯ್ತು. ಗುರುವಾರ ನಾನು ಬೇಕಂತ ತಪ್ಪು ಹೇಳ್ಲಿಲ್ಲ. ನಿಜವಾಗ್ಲೂ ತಪ್ಪೇ ಹೇಳಿದ್ದು."

ಸಾಹೇಬರು ಮೊದಲು ನಕ್ಕರು. ಆಮೇಲೆ ಎದ್ದು ಬಾಗಿಲು ಹಾಕಿ ಬಂದರು. ಬಹಳ ಹೊತ್ತು ಪೆನ್ನಿನ ಮುಚ್ಚಳವನ್ನು ತೆಗೆದು ಹಾಕುತ್ತ ಕೂತರು. ಗೊತ್ತಾದ ಮೇಲೆ ಇನ್ನು ತರಬೇತಿಯಲ್ಲೂ ಇಟ್ಟುಕೊಳ್ಳುವಂತಿಲ್ಲ, ಯಂತ್ರದ ಸಾಲಿಗೂ ಬಿಡುವಂತಿಲ್ಲ ಅಂದರು. ಅವರ ಕಣ್ಣಲ್ಲಿ ನೀರಿತ್ತು ಅಂತ ನನಗೆ ಅನಿಸಿತು. ಆದರೂ ಅಂದರು: "ರಾಜೀನಾಮೆ ಬರೆದುಕೊಡು. ಕೆಲಸದಿಂದ ಕಿವಿ ಹೋಯ್ತು ಅಂತ ಮಾತ್ರ ಬರೀಬೇಡ. ನಾಳೆ ಕುಲುಮೆಯ ಇನ್ನೂರು ಜನ ಪರಿಹಾರ ಕೊಡಿ ಅಂತ ಬಂದು ನಿಲ್ತಾರೆ, ನನ್ನ ಕೇಂದ್ರಕ್ಕೇ ಬೀಗ ಬೀಳುತ್ತೆ. ಸ್ವಂತ ಕಾರಣ ಅಂತ ಬರಿ. ಹನ್ನೊಂದು ದಿನ ಇದೆ ತಿಂಗಳು ಮುಗಿಯೋಕೆ, ಅಲ್ಲೀವರೆಗೂ ಕೋಣೆ ಇಟ್ಕೋ. ಅಷ್ಟು ನನ್ನ ಕೈಲಾಗುತ್ತೆ."

ಗಂಟೆಯಣ್ಣನಿಗೆ ಬರೆಯಲು ಬಾರದು. ಸಾಹೇಬರು ಕಾಗದವನ್ನು ನನ್ನ ಕಡೆ ತಳ್ಳಿದರು. ನಾನು ಬರೆದೆ. ಗೆರೆ ಡೊಂಕಾಗದ ಹಾಗೆ, ಅಕ್ಷರ ಒಂದಕ್ಕೊಂದು ತಾಗದ ಹಾಗೆ, ನನ್ನ ಜೀವಮಾನದ ಅತ್ಯಂತ ಚೆಂದದ ಬರವಣಿಗೆಯಲ್ಲಿ ಬರೆದೆ: ಸ್ವಂತ ಕಾರಣ. ಅವನು ಹೆಬ್ಬೆಟ್ಟು ಒತ್ತಿದ. ಏನು ಬರೆದಿದ್ದೇನೆ ಅಂತ ಕೇಳಲಿಲ್ಲ. ಸಾಹೇಬರ ಪಟಪಟ ಮಾತು ಅವನಿಗೆ ತಿಳಿದಿರಲೂ ಇಲ್ಲ. "ಇವರು ಬರೆದ್ರೆ ಸರಿಯಾಗೇ ಇರುತ್ತೆ ಸಾರ್," ಅಂದ.

ಸಂಜೆ ರೈಲು ಸ್ಟೇಷನ್ನಿಗೆ ಇಬ್ಬರೂ ಹೋದೆವು. ಅವನು ಒಂದೊಂದೇ ಬೋಗಿಯಲ್ಲಿ ಹುಡುಕುತ್ತ ಮುಂದೆ ಮುಂದೆ ಹೋಗುತ್ತಿದ್ದ. ಅವಳು ಇಳಿದದ್ದು ಹಿಂದಿನ ಬೋಗಿಯಿಂದ. ತಗಡಿನ ಪೆಟ್ಟಿಗೆ, ಬಟ್ಟೆ ಕಟ್ಟಿದ ಪಾತ್ರೆಗಳ ಗಂಟು. ಆ ದನಿಯನ್ನು ನಾನು ಸಾವಿರ ದನಿಗಳಲ್ಲಿ ಗುರುತು ಹಿಡಿಯಬಲ್ಲೆ.

"ರೀ!" ಅಂದಳು. "ಇಲ್ಲಿ, ಇಲ್ಲಿ ರೀ!"

ಅವನು ಹತ್ತು ಹೆಜ್ಜೆ ಮುಂದಿದ್ದ. ತಿರುಗಲಿಲ್ಲ. ಮೂರನೆಯ ಸಲ ಕೂಗಿದಳು. ಅವಳ ಕೂಗಿಗೆ ತಿರುಗಿದವನು ನಾನೊಬ್ಬನೇ. ಅವಳು ಅವನ ಬೆನ್ನನ್ನು ನೋಡಿದಳು, ಫೋಟೊದಲ್ಲಷ್ಟೇ ಕಂಡಿದ್ದ ನನ್ನ ಮುಖವನ್ನು ನೋಡಿದಳು. ಗಂಟನ್ನು ಮೆಲ್ಲಗೆ ಕೆಳಗಿಟ್ಟಳು.

"ಯಾವಾಗಿಂದ, ಭಾವ?"

"ಐದು ವರ್ಷ, ತಾಯಿ."

"ಮತ್ತೆ ಫೋನಲ್ಲಿ?" ಅಂದಳು. ಕೇಳುವಾಗಲೇ ಉತ್ತರ ಹೊಳೆದಿರಬೇಕು. ಸೆರಗನ್ನು ಎಳೆದುಕೊಂಡಳು, ಗಾಳಿಗೆ ಮೈ ತೆರೆದುಕೊಂಡವಳ ಹಾಗೆ. "ಹಾಗಾದ್ರೆ ನಾನು ಆಡಿದ್ದೆಲ್ಲ ನೀವು ಕೇಳಿಸ್ಕೊಂಡಿರೋದಾ? ಅವರಲ್ವಾ?"

ಅಷ್ಟರಲ್ಲಿ ಅವನು ತಿರುಗಿ ಅವಳನ್ನು ಕಂಡು, ಬೀಗದಕೈಯನ್ನು ಮೇಲೆ ಹಿಡಿದು ಆಡಿಸುತ್ತ ಓಡಿ ಬರುತ್ತಿದ್ದ.

ಆ ಹನ್ನೊಂದು ದಿನ ನಾನು ಅವರ ಕೋಣೆಗೆ ಹೋದದ್ದು ಒಮ್ಮೆ, ಊಟಕ್ಕೆ. ಪರದೆ ಕಿಟಕಿಗೆ ಒಂದು ಗೇಣು ಚಿಕ್ಕದಾಗಿ ಬಂದಿತ್ತು. ಅವನು ಅಳೆದದ್ದು ತನ್ನ ಗೇಣಿನಲ್ಲಿ, ಅವಳು ಕತ್ತರಿಸಿದ್ದು ತನ್ನ ಗೇಣಿನಲ್ಲಿ. ಅವನ ಕೈ ಎಷ್ಟು ದೊಡ್ಡದೆನ್ನುವುದು ಅವಳಿಗೆ ಮರೆತುಹೋಗಿತ್ತು. ಕೆಳಗಿನ ಸಂದಿನಿಂದ ಬೀದಿಯಲ್ಲಿ ಹೋಗುವವರ ಕಾಲುಗಳು ಕಾಣುತ್ತಿದ್ದವು. ಅವಳು ನನಗೆ ಬಡಿಸಿದಳು, ಎರಡನೆಯ ಸಲವೂ ಬಡಿಸಿದಳು, ಒಂದು ಮಾತೂ ಆಡಲಿಲ್ಲ. ಅವನಿಗೆ ಏನಾದರೂ ಹೇಳಬೇಕಾದರೆ ಎದುರಿಗೆ ಹೋಗಿ ಕೂತು, ಅವನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಒಂದೊಂದೇ ಮಾತನ್ನು ಬಿಡಿಸಿ ಆಡುತ್ತಿದ್ದಳು. ನಾನು ತಟ್ಟೆ ನೋಡುತ್ತ ಉಂಡು ಎದ್ದೆ.

ಹನ್ನೆರಡನೆಯ ದಿನ ಅದೇ ಪೆಟ್ಟಿಗೆ, ಅದೇ ಗಂಟು. ರೈಲಿನ ಕಿಟಕಿಯಲ್ಲಿ ಅವನು ನನ್ನ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದ. ಮಂಚದ ಹಗಲು ಪಾಳಿಗೆ ಬೇರೊಬ್ಬ ಬಂದ. ಹೊಸ ಚಕ್ರಗಳನ್ನು ಈಗ ಟೋಪಿಯಕ್ಕ ತಟ್ಟಿ ನೋಡುತ್ತಾಳೆ. ಕಿವಿಗೆ ಹತ್ತಿ ಇಟ್ಟುಕೊಳ್ಳುವುದಿಲ್ಲವಂತೆ.

ನಾಲ್ಕು ತಿಂಗಳಾದ ಮೇಲೆ ಒಂದು ಸಂಜೆ ಏಳೂವರೆಗೆ ನನ್ನ ಫೋನು ಬಡಿದುಕೊಂಡಿತು. ಅವಳು.

"ಭಾವ, ಅವರನ್ನ ಬೆಳಕಿಗೆ ಕೂರಿಸಿದ್ದೀನಿ," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಸಲಿಗೆಯೂ ಇರಲಿಲ್ಲ. "ನಿಮ್ಮನ್ನ ನೆನೆಸ್ಕೊಳ್ತಾನೇ ಇರ್ತಾರೆ. ಏನಾದ್ರೂ ಹೇಳೋದಿದ್ರೆ ಹೇಳಿ. ನಾನು ತುಟೀಲಿ ಆಡಿ ತೋರಿಸ್ತೀನಿ."

ಹೇಳುವುದು ಇತ್ತು. ಗುರುವಾರದಿಂದ ಸೋಮವಾರದವರೆಗೆ ಗಂಟಲಲ್ಲಿ ಇಟ್ಟುಕೊಂಡದ್ದಿತ್ತು. ಆ ಕಾಗದದ ಮೇಲೆ ಮುತ್ತಿನಂಥ ಅಕ್ಷರದಲ್ಲಿ ಬರೆದ ಎರಡು ಪದಗಳಿದ್ದವು. ಆದರೆ ಅವು ಅವಳ ತುಟಿಯ ಮೇಲೆ ಹೋಗಬೇಕಿತ್ತು.

"ಊಟ ಆಯ್ತಾ ಅಂತ ಕೇಳು, ತಾಯಿ," ಅಂದೆ.

ಆ ಕಡೆ ಒಂದು ಉಸಿರಿನಷ್ಟು ತಡ. ಆಮೇಲೆ ಅವನ ದನಿ, ಬೀದಿಗೆಲ್ಲ ಕೇಳುವ ಹಾಗೆ: "ಆಯ್ತು ಅಂತ ಹೇಳೇ!"

"ಆಯ್ತಂತೆ," ಅಂದಳು ಅವಳು.